ರ‍್ಯಾಮ್ ವೇಗ ಹೆಚ್ಚಿಸಿದ ಮೇಲೆ ಕಂಪ್ಯೂಟರ್ ಅಸ್ಥಿರವಾದರೆ: ಕಾರಣ ಹುಡುಕಿ ಸರಿಪಡಿಸುವ ಕ್ರಮ

ಡಿಡಿಆರ್5 ರ‍್ಯಾಮ್‌ನ ಪೆಟ್ಟಿಗೆಯ ಮೇಲೆ 6000 ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದ್ದರೂ, ಅದನ್ನು ಮದರ್‌ಬೋರ್ಡಿಗೆ ಕೂರಿಸಿ ಮೊದಲ ಸಲ ಚಾಲೂ ಮಾಡಿದಾಗ ಅದು ಸಾಮಾನ್ಯವಾಗಿ 4800 ಅಥವಾ 5600 ಮೆಗಾಟ್ರಾನ್ಸ್‌ಫರ್ (ಸೆಕೆಂಡಿಗೆ ಅಷ್ಟು ದಶಲಕ್ಷ ಸಲ ದತ್ತಾಂಶ ಸಾಗಿಸುವ) ವೇಗದಲ್ಲಿಯೇ ಓಡುತ್ತದೆ. ಈ ವೇಗ ಜೆಡೆಕ್ ಎಂಬ ಮಾನಕ ಸಂಸ್ಥೆ ಗೊತ್ತುಪಡಿಸಿದ್ದು, ಇದಕ್ಕೆ 1.1 ವೋಲ್ಟ್ ಸಾಕು. ಪೆಟ್ಟಿಗೆಯ ಮೇಲಿನ ವೇಗ ಬೇಕೆಂದರೆ ಬಯಾಸ್‌ಗೆ (ಮದರ್‌ಬೋರ್ಡಿನ ಮೂಲ ಹೊಂದಿಕೆಗಳ ಪರದೆ) ಹೋಗಿ ಇಂಟೆಲ್‌ನ ಎಕ್ಸ್‌ಎಂಪಿ ಅಥವಾ ಎಎಂಡಿ 2022ರಲ್ಲಿ ತಂದ ಎಕ್ಸ್‌ಪೋ ಪ್ರೊಫೈಲನ್ನು, ಅಂದರೆ ಮೊದಲೇ ಸಿದ್ಧಪಡಿಸಿಟ್ಟ ಹೊಂದಿಕೆಯನ್ನು, ಆನ್ ಮಾಡಬೇಕು. ಹಾಗೆ ಮಾಡಿದ ಕೂಡಲೇ ವೇಗ, ಟೈಮಿಂಗ್ (ಪ್ರತಿ ಕೆಲಸಕ್ಕೂ ಕಾಯುವ ಆವರ್ತಗಳ ಲೆಕ್ಕ) ಮತ್ತು ವೋಲ್ಟೇಜ್ ಮೂರೂ ಒಟ್ಟಿಗೆ ಬದಲಾಗುತ್ತವೆ. ಹಲವರ ತೊಂದರೆ ಶುರುವಾಗುವುದು ಇಲ್ಲಿಂದಲೇ: ಅದುವರೆಗೆ ಸರಿಯಾಗಿದ್ದ ಯಂತ್ರ ಆಟದ ನಡುವೆ ಮುಚ್ಚಿಕೊಳ್ಳುತ್ತದೆ, ನೀಲಿ ಪರದೆ ತೋರಿಸುತ್ತದೆ ಅಥವಾ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ.

ಈ ಪ್ರೊಫೈಲ್ ರ‍್ಯಾಮ್ ತಯಾರಕರು ಕೊಟ್ಟ ಭರವಸೆ. ಪ್ರೊಸೆಸರ್ ತಯಾರಕರು ಅದರಲ್ಲಿ ಪಾಲುದಾರರಲ್ಲ ಎಂಬುದನ್ನು ಮೊದಲು ಮನಗಾಣಬೇಕು. ದತ್ತಾಂಶದ ಓಡಾಟ ನಿಯಂತ್ರಿಸುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರಿನ ಒಳಗೆ. ರೈಜ಼ನ್ 7000 ಸರಣಿಯ ಪ್ರೊಸೆಸರ್‌ಗಳಿಗೆ ಎರಡು ಸ್ಟಿಕ್ ಹಾಕಿದಾಗ ಎಎಂಡಿ ಅಧಿಕೃತವಾಗಿ ಹೇಳುವ ವೇಗ 5200, ರೈಜ಼ನ್ 9000 ಸರಣಿಗೆ 5600. ಇಂಟೆಲ್‌ನ 13ನೇ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರ್‌ಗಳಿಗೂ ಡಿಡಿಆರ್5ರಲ್ಲಿ 5600 ಗರಿಷ್ಠ ಮಿತಿ. ಅದಕ್ಕಿಂತ ಮೇಲಿನದೆಲ್ಲ ಓವರ್‌ಕ್ಲಾಕಿಂಗ್, ಅಂದರೆ ಅಧಿಕೃತ ಮಿತಿ ಮೀರಿ ಓಡಿಸುವುದು. ಒಂದೇ ಮಾದರಿಯ ಎರಡು ಪ್ರೊಸೆಸರ್‌ಗಳಲ್ಲಿ ಒಂದು 6400ನ್ನು ಸಲೀಸಾಗಿ ನಿಭಾಯಿಸಿ ಇನ್ನೊಂದು 6000ಕ್ಕೇ ತಡವರಿಸಬಹುದು; ಹಾಗೆಂದು ಎರಡನೆಯದು ಕೆಟ್ಟಿದೆ ಎಂದು ಅರ್ಥವಲ್ಲ. ಹೀಗಾಗಿ ನಮ್ಮ ಕೆಲಸ ರ‍್ಯಾಮ್, ಕಂಟ್ರೋಲರ್ ಮತ್ತು ಮದರ್‌ಬೋರ್ಡ್ ಈ ಮೂರರಲ್ಲಿ ಯಾವುದು ಸೋಲುತ್ತಿದೆ ಎಂದು ಪತ್ತೆಹಚ್ಚಿ, ಮೂರೂ ನಿಭಾಯಿಸಬಲ್ಲ ವೇಗವನ್ನು ಕಂಡುಕೊಳ್ಳುವುದು. ಈ ಬರಹದಲ್ಲಿ ಎಎಂ5 (ಎಎಂಡಿಯ ಸಾಕೆಟ್) ಮದರ್‌ಬೋರ್ಡ್, ರೈಜ಼ನ್ 7000 ಸರಣಿಯ ಪ್ರೊಸೆಸರ್ ಮತ್ತು 16 ಜಿಬಿಯ ಎರಡು ಡಿಡಿಆರ್5-6000 ಸ್ಟಿಕ್ ಇರುವ ಯಂತ್ರವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಇಂಟೆಲ್ ಯಂತ್ರಗಳಲ್ಲಿ ಬೇರೆಯಾಗುವ ಅಂಶಗಳನ್ನು ಮುಂದೆ ಪ್ರತ್ಯೇಕವಾಗಿ ಹೇಳುತ್ತೇನೆ.

ಮೊದಲು ಕಡತಗಳನ್ನು ಕಾಪಾಡಿಕೊಳ್ಳಿ

ಅಸ್ಥಿರ ರ‍್ಯಾಮ್‌ನಿಂದ ಆಗುವ ದೊಡ್ಡ ನಷ್ಟ ನೀಲಿ ಪರದೆಯಲ್ಲ. ನೀಲಿ ಪರದೆ ಬಂದರೆ ಏನೋ ತಪ್ಪಾಗಿದೆ ಎಂದಾದರೂ ತಿಳಿಯುತ್ತದೆ. ಆದರೆ ರ‍್ಯಾಮ್‌ನಲ್ಲಿ ತಪ್ಪಾಗಿ ಬದಲಾದ ಒಂದು ಬಿಟ್, ನೀವು ನಕಲು ಮಾಡುತ್ತಿರುವ ಮದುವೆಯ ವಿಡಿಯೊದೊಳಗೋ ಲೆಕ್ಕಪತ್ರದ ಕಡತದೊಳಗೋ ಸದ್ದಿಲ್ಲದೆ ಸೇರಿಕೊಂಡರೆ, ಅದು ಗಮನಕ್ಕೆ ಬರುವ ಹೊತ್ತಿಗೆ ಬ್ಯಾಕಪ್ ಪ್ರತಿಯೂ ಹಾಳಾಗಿರಬಹುದು. ಡಿಡಿಆರ್5ರ ಚಿಪ್‌ನೊಳಗೆ ತಪ್ಪು ತಿದ್ದುವ ವ್ಯವಸ್ಥೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ಚಿಪ್‌ನ ಒಳಗಿನ ಕೋಶಗಳಲ್ಲಾಗುವ ಒಂದು ಬಿಟ್‌ನ ತಪ್ಪನ್ನು ತಿದ್ದುತ್ತದೆ; ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಾಗುವ ತಪ್ಪು ಅದರ ವ್ಯಾಪ್ತಿಗೆ ಬರುವುದಿಲ್ಲ. ವೇಗ ಹೆಚ್ಚಿಸಿದಾಗ ಹೆಚ್ಚು ಒತ್ತಡ ಬೀಳುವುದು ಆ ದಾರಿಯ ಮೇಲೆಯೇ.

ಆದ್ದರಿಂದ ಅನುಮಾನ ಬಂದ ದಿನವೇ ಪ್ರೊಫೈಲನ್ನು ಆಫ್ ಮಾಡಿ, ಮೂಲ ವೇಗದಲ್ಲಿ ಯಂತ್ರವನ್ನು ಚಾಲೂ ಮಾಡಿ, ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಹಳೆಯ ಬ್ಯಾಕಪ್ ಪ್ರತಿಯನ್ನು ಅಳಿಸದೆ, ಹೊಸದನ್ನು ಬೇರೆ ಫೋಲ್ಡರಿನಲ್ಲಿ ಇಡುವುದು ಒಳ್ಳೆಯದು.

ಲಕ್ಷಣಗಳನ್ನು ಓದುವುದು

ರ‍್ಯಾಮ್ ದೋಷಕ್ಕೆ ಒಂದೇ ಮುಖವಿಲ್ಲ. ವಿಂಡೋಸ್‌ನಲ್ಲಿ ಮೆಮೊರಿ ಮ್ಯಾನೇಜ್‌ಮೆಂಟ್, ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ, ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್ ಎಂಬ ಸಂದೇಶಗಳ ನೀಲಿ ಪರದೆಗಳು, ಪ್ರತಿ ಸಲವೂ ಬೇರೆ ಬೇರೆ ಹೆಸರಿನಲ್ಲಿ ಬರುತ್ತಿದ್ದರೆ ರ‍್ಯಾಮ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಒಂದೇ ಡ್ರೈವರ್‌ನ ಹೆಸರು ಮತ್ತೆ ಮತ್ತೆ ಬಂದರೆ ತಪ್ಪು ಆ ಡ್ರೈವರ್‌ನದ್ದಿರಬಹುದು. ಬ್ರೌಸರಿನ ಟ್ಯಾಬ್‌ಗಳು ಕಾರಣವಿಲ್ಲದೆ ಮುಚ್ಚಿಕೊಳ್ಳುವುದು, ದೊಡ್ಡ ಜಿಪ್ ಕಡತ ಬಿಚ್ಚುವಾಗ ಸಿಆರ್‌ಸಿ ದೋಷ (ದತ್ತಾಂಶ ತಾಳೆಯಾಗದಿರುವುದು) ಕಾಣಿಸುವುದು, ಆಟಗಳ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುವುದು ಇವೂ ಇದೇ ಗುಂಪಿಗೆ ಸೇರುತ್ತವೆ. ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ ಹೆಸರಿನ ಎಚ್ಚರಿಕೆಗಳು ಸಾಲುಗಟ್ಟಿದ್ದರೆ ಪ್ರೊಸೆಸರಿನ ಒಳಗಿನ ಸಂಪರ್ಕವೂ ತಪ್ಪು ಮಾಡುತ್ತಿರಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹೆಚ್ಚಿನ ವೋಲ್ಟೇಜ್‌ನಿಂದ ಪ್ರೊಸೆಸರೇ ಕ್ರಮೇಣ ಹಾಳಾಗುವ ಸಮಸ್ಯೆ 2024ರಲ್ಲಿ ಬಹಿರಂಗವಾಗಿ ಚರ್ಚೆಗೆ ಬಂತು. ಇಂಟೆಲ್ ಆ ವರ್ಷವೇ ಹೊಸ ಮೈಕ್ರೊಕೋಡ್‌ಗಳನ್ನು (ಬಯಾಸ್ ಮೂಲಕ ಬರುವ ಪ್ರೊಸೆಸರಿನ ಒಳ ತಂತ್ರಾಂಶ) ಹೊರತಂದು, ತೊಂದರೆಗೊಳಗಾದ ಮಾದರಿಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಗ್ರಾಫಿಕ್ಸ್ ಕಾರ್ಡಿನಲ್ಲಿ ಜಾಗ ಬೇಕಾದಷ್ಟಿದ್ದರೂ ವಿಡಿಯೊ ಮೆಮೊರಿ ಸಾಲದು ಎಂದು ಹೇಳಿ ಆಟ ನಿಂತುಹೋಗುವುದು ಅದರ ಹೆಸರುವಾಸಿ ಲಕ್ಷಣ. ನಿಮ್ಮಲ್ಲಿ ಆ ತಲೆಮಾರಿನ ಐ7 ಅಥವಾ ಐ9 ಇದ್ದರೆ, ರ‍್ಯಾಮ್ ಮುಟ್ಟುವ ಮೊದಲು ಬಯಾಸ್ ಅಪ್‌ಡೇಟ್ ಆಗಿದೆಯೇ ಎಂದು ನೋಡಿ. ಇಲ್ಲವಾದರೆ ಸರಿಯಿರುವ ರ‍್ಯಾಮನ್ನು ವಾರಗಟ್ಟಲೆ ಪರೀಕ್ಷಿಸುತ್ತ ಕೂರಬೇಕಾದೀತು.

ಮೂಲ ವೇಗದಲ್ಲಿ ಪರೀಕ್ಷೆ

ಪ್ರೊಫೈಲ್ ಆಫ್ ಇರುವಾಗಲೇ ಮೊದಲ ಪರೀಕ್ಷೆ ನಡೆಯಬೇಕು. ಪ್ರೊಸೆಸರಿಗೆ ಅದರ ವೇಗ, ವೋಲ್ಟೇಜ್ ಬದಲಿಸುವ ಪಿಬಿಒ ಅಥವಾ ಕರ್ವ್ ಆಪ್ಟಿಮೈಜ಼ರ್ ಮೂಲಕ ಏನಾದರೂ ಹೊಂದಿಸಿದ್ದರೆ ಅದನ್ನೂ ಮೂಲ ಸ್ಥಿತಿಗೆ ತನ್ನಿ. ವೋಲ್ಟೇಜ್ ಅತಿಯಾಗಿ ಇಳಿಸಿದ ಪ್ರೊಸೆಸರ್ ಕೆಲಸವಿಲ್ಲದೆ ಸುಮ್ಮನಿದ್ದಾಗಲೇ ರೀಸ್ಟಾರ್ಟ್ ಆಗುವುದುಂಟು, ಮತ್ತು ಆ ದೂರನ್ನು ಜನ ರ‍್ಯಾಮ್ ಮೇಲೆ ಹೊರಿಸುವುದೂ ಉಂಟು. ಅನಂತರ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಅದರಿಂದಲೇ ಬೂಟ್ ಮಾಡಿ. ಸಹಿಯಿಲ್ಲದ ತಂತ್ರಾಂಶದಿಂದ ಬೂಟ್ ಆಗುವುದನ್ನು ತಡೆಯುವ ಸೆಕ್ಯೂರ್ ಬೂಟ್ ಅಡ್ಡ ಬಂದರೆ ಪರೀಕ್ಷೆಯ ಮಟ್ಟಿಗೆ ಅದನ್ನು ಆಫ್ ಮಾಡಬೇಕಾಗಬಹುದು. ಡಿಸ್ಕಿನಲ್ಲಿ ಬಿಟ್‌ಲಾಕರ್ ಗೂಢಲಿಪೀಕರಣ ಇದ್ದರೆ ಅದರ ರಿಕವರಿ ಕೀ ಕೈಯಲ್ಲಿರಲಿ. ಹೀಗೆ ಹೊರಗಿನಿಂದ ಪರೀಕ್ಷಿಸುವುದರ ಲಾಭವೆಂದರೆ ವಿಂಡೋಸ್ ಆ ಹೊತ್ತಿನಲ್ಲಿ ಓಡುತ್ತಿರುವುದಿಲ್ಲ, ಡಿಸ್ಕಿನ ಮೇಲೆ ತಪ್ಪು ದತ್ತಾಂಶ ಬರೆಯುವ ಅಪಾಯವೂ ಇರುವುದಿಲ್ಲ.

ರಾತ್ರಿಯಿಡೀ ಓಡಲು ಬಿಡಿ. ಮೂಲ ವೇಗದಲ್ಲಿ ಒಂದೇ ಒಂದು ದೋಷ ಕಂಡರೂ ಅದು ಲೆಕ್ಕಕ್ಕೆ ಬರುತ್ತದೆ. ಒಂದೆರಡು ತಪ್ಪು ಸಹಜ ಎಂಬ ಮಾತನ್ನು ಒಪ್ಪಬೇಡಿ. ಆಗ ಒಂದೊಂದೇ ಸ್ಟಿಕ್ಕನ್ನು ಮೊದಲು ಒಂದು ಸ್ಲಾಟಿನಲ್ಲಿ, ಆಮೇಲೆ ಇನ್ನೊಂದರಲ್ಲಿ ಹಾಕಿ ಪರೀಕ್ಷಿಸಿ. ತಪ್ಪು ಒಂದು ಸ್ಟಿಕ್ಕಿನ ಜೊತೆಗೇ ಸಾಗಿದರೆ ಆ ಸ್ಟಿಕ್ ಕೆಟ್ಟಿದೆ, ವಾರಂಟಿಯಲ್ಲಿ ಬದಲಿಸಿಕೊಳ್ಳಬೇಕು. ಎರಡೂ ಸ್ಟಿಕ್‌ಗಳು ಒಂದೇ ಸ್ಲಾಟಿನಲ್ಲಿ ಮಾತ್ರ ತಪ್ಪು ತೋರಿಸಿದರೆ ಸ್ಲಾಟು, ಸಾಕೆಟ್ಟಿನ ಪಿನ್ನು ಅಥವಾ ಕಂಟ್ರೋಲರಿನ ಕಡೆ ನೋಡಬೇಕು. ಮೂಲ ವೇಗದಲ್ಲಿ ತಪ್ಪೇ ಬಾರದಿದ್ದರೆ ಬಿಡಿಭಾಗಗಳು ಬಹುಮಟ್ಟಿಗೆ ಸರಿಯಿವೆ ಎಂದು ಭಾವಿಸಿ ಮುಂದುವರಿಯಬಹುದು.

ವೋಲ್ಟೇಜ್ ಮುಟ್ಟುವ ಮುನ್ನ

ಕೈಯಿಂದ ಸರಿಪಡಿಸಬಹುದಾದ ಸಣ್ಣ ಕಾರಣಗಳನ್ನು ಮೊದಲು ತೆಗೆದುಹಾಕೋಣ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡೇ ಸ್ಟಿಕ್ ಇದ್ದರೆ ಅವು ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿರಬೇಕು. ಇವಕ್ಕೆ ಎ2 ಮತ್ತು ಬಿ2 ಎಂದು ಹೆಸರು. ಇಂದಿನ ಬಹುತೇಕ ಬೋರ್ಡ್‌ಗಳಲ್ಲಿ ತಂತಿದಾರಿ ಕೊನೆಗೊಳ್ಳುವುದು ಈ ಸ್ಲಾಟುಗಳಲ್ಲಿ. ಸ್ಟಿಕ್ಕನ್ನು ಹತ್ತಿರದ ಸ್ಲಾಟಿಗೆ ಹಾಕಿ ಕೊನೆಯದನ್ನು ಖಾಲಿ ಬಿಟ್ಟರೆ ಆ ಖಾಲಿ ತುದಿಯಿಂದ ಸಂಕೇತ ಪ್ರತಿಫಲಿಸಿ ಹಿಂದಿರುಗುತ್ತದೆ, 4800ರಲ್ಲಿ ತೊಂದರೆ ಕೊಡದ ಈ ಪ್ರತಿಫಲನ 6000ದಲ್ಲಿ ತಪ್ಪಿಗೆ ಕಾರಣವಾಗುತ್ತದೆ. ವಿದ್ಯುತ್ ಪೂರ್ತಿ ತೆಗೆದು, ಸ್ಟಿಕ್‌ಗಳನ್ನು ಬಿಚ್ಚಿ, ಸ್ಲಾಟಿನ ದೂಳು ಊದಿ, ಎರಡೂ ತುದಿಯಲ್ಲಿ ಸಮನಾಗಿ ಒತ್ತಿ ಮತ್ತೆ ಕೂರಿಸಿ. ಪ್ರೊಸೆಸರ್ ಕೂಲರಿನ ಸ್ಕ್ರೂಗಳು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ದರೆ ಸಾಕೆಟ್ಟಿನ ಸಂಪರ್ಕ ಕೆಟ್ಟು ಒಂದು ಚಾನೆಲ್ ಇಡಿಯಾಗಿ ಕಾಣೆಯಾಗುವುದೂ ಉಂಟು. 32 ಜಿಬಿ ಇರಬೇಕಾದಲ್ಲಿ 16 ಜಿಬಿ ಮಾತ್ರ ಕಂಡರೆ ಇದನ್ನು ನೆನಪಿಡಿ.

ಬಯಾಸ್ ಅಪ್‌ಡೇಟ್ ಈ ಹಂತದ ಅತಿ ಮುಖ್ಯ ಕೆಲಸ. ಎಎಂ5 ಬೋರ್ಡ್‌ಗಳು ಮಾರುಕಟ್ಟೆಗೆ ಬಂದಂದಿನಿಂದ ಎಎಂಡಿಯ ಅಜೆಸಾ ಎಂಬ ಮೂಲ ತಂತ್ರಾಂಶ ಹಲವು ಸಲ ಬದಲಾಗಿದೆ, ಮೆಮೊರಿ ಹೊಂದಾಣಿಕೆ ಆ ಬದಲಾವಣೆಗಳಲ್ಲಿ ಬಹಳ ಸುಧಾರಿಸಿದೆ. 2023ರಲ್ಲಿ ಕೆಲವು ರೈಜ಼ನ್ 7000 ಪ್ರೊಸೆಸರ್‌ಗಳು ಸುಟ್ಟುಹೋದ ಪ್ರಕರಣಗಳ ಬಳಿಕ ಮೆಮೊರಿ ಕಂಟ್ರೋಲರಿಗೆ ಸಿಗುವ ಎಸ್‌ಒಸಿ ವೋಲ್ಟೇಜನ್ನು 1.3 ವೋಲ್ಟ್‌ಗೆ ಸೀಮಿತಗೊಳಿಸಿದ್ದೂ ಇಂಥ ಅಪ್‌ಡೇಟ್ ಮೂಲಕವೇ. ಅಂದರೆ ಅದಕ್ಕಿಂತ ಹಳೆಯ ಬಯಾಸ್‌ನಲ್ಲಿ ಎಕ್ಸ್‌ಪೋ ಆನ್ ಮಾಡುವುದು ಕ್ಷೇಮವೂ ಅಲ್ಲ. ಕರೆಂಟ್ ಹೋಗಿಬರುವ ಊರಿನಲ್ಲಿದ್ದರೆ ಯುಪಿಎಸ್ ಇಲ್ಲದೆ ಬಯಾಸ್ ಅಪ್‌ಡೇಟಿಗೆ ಕೈಹಾಕಬೇಡಿ.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಸಾಮಾನ್ಯ: ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಈ ವರ್ಷ ಒಂದು ಸ್ಟಿಕ್, ಮುಂದಿನ ವರ್ಷ ಕೈಯಲ್ಲಿ ಹಣವಾದಾಗ ಅದೇ ಹೆಸರಿನ ಇನ್ನೊಂದು ಸ್ಟಿಕ್ ಕೊಂಡು ಜೋಡಿ ಮಾಡುವುದು. ಹೆಸರು, ವೇಗ, ಬಣ್ಣ ಎಲ್ಲವೂ ಒಂದೇ ಇದ್ದರೂ ಒಳಗಿನ ಚಿಪ್‌ಗಳು ಬೇರೆ ತಯಾರಕರದ್ದಾಗಿರಬಹುದು. ಕಿಟ್ ಆಗಿ ಮಾರುವ ಸ್ಟಿಕ್‌ಗಳನ್ನು ಜೊತೆಯಾಗಿ ಪರೀಕ್ಷಿಸಿರುತ್ತಾರೆ. ಬಿಡಿಬಿಡಿಯಾಗಿ ಕೊಂಡವಕ್ಕೆ ಆ ಖಾತರಿ ಇಲ್ಲ. ತಂತ್ರಾಂಶವಾದ ಸಿಪಿಯು-ಜ಼ಡ್‌ನ ಎಸ್‌ಪಿಡಿ ಪುಟದಲ್ಲಿ ಎರಡೂ ಸ್ಟಿಕ್‌ಗಳ ವಿವರ ಹೋಲಿಸಿ ನೋಡಿ. ಅಲ್ಲಿ ವೇಗ 3000 ಎಂದು ಕಂಡರೆ ಗಾಬರಿ ಬೇಡ, ಅದು ಗಡಿಯಾರದ ಮೆಗಾಹರ್ಟ್ಜ್. ಪ್ರತಿ ಆವರ್ತದಲ್ಲಿ ಎರಡು ಸಲ ದತ್ತಾಂಶ ಸಾಗುವುದರಿಂದ 6000 ಆಗುತ್ತದೆ.

ಪ್ರೊಫೈಲ್ ಆನ್ ಮಾಡಿ, ಒಂದೊಂದನ್ನೇ ಬದಲಿಸುವುದು

ಈಗ ಎಕ್ಸ್‌ಪೋ ಆನ್ ಮಾಡಿ. ಮೊದಲ ಬೂಟ್‌ನಲ್ಲಿ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಮೆಮೊರಿ ಟ್ರೇನಿಂಗ್ ಎಂಬ ಈ ಹಂತದಲ್ಲಿ ಬೋರ್ಡ್ ಪ್ರತಿ ಸಂಕೇತದ ಸರಿಯಾದ ಕ್ಷಣ ಮತ್ತು ಮಟ್ಟವನ್ನು ಹುಡುಕಿಕೊಳ್ಳುತ್ತಿರುತ್ತದೆ, ರ‍್ಯಾಮ್ ಗಾತ್ರ ದೊಡ್ಡದಿದ್ದಷ್ಟೂ ಕಾಯುವ ಹೊತ್ತು ಹೆಚ್ಚು. ನಡುವೆ ಪವರ್ ಬಟನ್ ಒತ್ತಬೇಡಿ. ತೀರಾ ಹೊತ್ತಾದರೂ ಚಿತ್ರ ಬಾರದಿದ್ದರೆ ಸಿಎಂಒಎಸ್ (ಬಯಾಸ್ ಹೊಂದಿಕೆಗಳನ್ನು ನೆನಪಿಡುವ ಭಾಗ) ಕ್ಲಿಯರ್ ಮಾಡಿ ಮೂಲ ಸ್ಥಿತಿಗೆ ಮರಳಬಹುದು. ಬೋರ್ಡಿನ ಕೈಪಿಡಿಯಲ್ಲಿ ಅದರ ಜಂಪರ್ ಇರುವ ಜಾಗ ತೋರಿಸಿರುತ್ತದೆ.

ಪ್ರತಿ ಬೂಟ್‌ನಲ್ಲೂ ಈ ಕಾಯುವಿಕೆ ತಪ್ಪಲೆಂದು ಮೆಮೊರಿ ಕಾಂಟೆಕ್ಸ್ಟ್ ರೀಸ್ಟೋರ್ ಎಂಬ ಆಯ್ಕೆ ಇದೆ. ಇದು ಹಿಂದಿನ ಟ್ರೇನಿಂಗ್‌ನ ಫಲಿತಾಂಶವನ್ನೇ ಮರುಬಳಕೆ ಮಾಡುತ್ತದೆ. ಎಎಂ5 ಯಂತ್ರಗಳಲ್ಲಿ ಗೊತ್ತುಗುರಿಯಿಲ್ಲದ ನೀಲಿ ಪರದೆಗಳಿಗೆ ಇದೂ ಕಾರಣವಾಗಿರುವುದುಂಟು, ಅದರಲ್ಲೂ ಪವರ್ ಡೌನ್ ಎನೇಬಲ್ (ಬಿಡುವಿನಲ್ಲಿ ಮೆಮೊರಿಯ ವಿದ್ಯುತ್ ಉಳಿಸುವ) ಆಯ್ಕೆ ಆಫ್ ಇದ್ದಾಗ. ಪರೀಕ್ಷೆ ಮುಗಿಯುವವರೆಗೆ ಕಾಂಟೆಕ್ಸ್ಟ್ ರೀಸ್ಟೋರನ್ನು ಆಫ್ ಇಡಿ. ಯಂತ್ರ ಸ್ಥಿರವಾದ ಮೇಲೆ ಬೇಗ ಬೂಟ್ ಆಗಲೇಬೇಕೆಂದರೆ ಎರಡನ್ನೂ ಒಟ್ಟಿಗೆ ಆನ್ ಮಾಡಿ, ಮತ್ತೆ ಪರೀಕ್ಷಿಸಿ.

ಈಗಲೂ ತಪ್ಪು ಬಂದರೆ ಅನುಪಾತಗಳನ್ನು ನೋಡಬೇಕು. ರೈಜ಼ನ್‌ನಲ್ಲಿ ಮೂರು ಗಡಿಯಾರಗಳಿವೆ: ರ‍್ಯಾಮ್‌ನದ್ದು ಎಂಸಿಎಲ್‌ಕೆ, ಕಂಟ್ರೋಲರಿನದ್ದು ಯುಸಿಎಲ್‌ಕೆ, ಒಳ ಸಂಪರ್ಕದ್ದು ಎಫ್‌ಸಿಎಲ್‌ಕೆ. 6000ದಲ್ಲಿ ಮೊದಲೆರಡೂ 3000 ಮೆಗಾಹರ್ಟ್ಜ್, ಎಫ್‌ಸಿಎಲ್‌ಕೆ 2000 ಇರುವುದು ವಾಡಿಕೆ; ಜ಼ೆನ್‌ಟೈಮಿಂಗ್ಸ್ ಎಂಬ ಪುಟ್ಟ ತಂತ್ರಾಂಶದಲ್ಲಿ ಮೂರೂ ಕಾಣಿಸುತ್ತವೆ. ಎಲ್ಲಿಂದಲೋ ಓದಿ ಎಫ್‌ಸಿಎಲ್‌ಕೆಯನ್ನು 2133 ಅಥವಾ 2200ಕ್ಕೆ ಏರಿಸಿದ್ದರೆ 2000ಕ್ಕೆ ಇಳಿಸಿ. ರ‍್ಯಾಮ್ 6400 ಇದ್ದು ಯುಸಿಎಲ್‌ಕೆ 3200 ಆಗಬೇಕಾಗಿ ಬಂದರೆ, ಅದು ಅನೇಕ ಕಂಟ್ರೋಲರ್‌ಗಳ ಶಕ್ತಿಗೆ ಮೀರಿದ್ದು.

ವೋಲ್ಟೇಜಿನ ಸರದಿ ಬರುವುದು ಇದಾದ ಮೇಲೆ. ಮೊದಲು ಎಸ್‌ಒಸಿ ವೋಲ್ಟೇಜ್: ಆಟೊದಲ್ಲಿ ಬೋರ್ಡ್ ಎಷ್ಟು ಕೊಡುತ್ತಿದೆ ಎಂದು ಎಚ್‌ಡಬ್ಲ್ಯುಇನ್ಫೊ ಎಂಬ ತಂತ್ರಾಂಶದಲ್ಲಿ ನೋಡಿಕೊಂಡು, 1.2 ಇದ್ದರೆ 1.25ಕ್ಕೆ ಏರಿಸಿ ಪರೀಕ್ಷಿಸಿ. 1.3 ಎಂಬ ಮಿತಿಯನ್ನು ಯಾವ ಕಾರಣಕ್ಕೂ ದಾಟಬೇಡಿ. ಆಮೇಲೆ ರ‍್ಯಾಮ್‌ನ ಸ್ವಂತ ವೋಲ್ಟೇಜ್: ಪ್ರೊಫೈಲ್ 1.35 ಕೇಳುತ್ತಿದ್ದರೆ 1.37 ಅಥವಾ 1.38ರವರೆಗೆ ಸಣ್ಣ ಹೆಜ್ಜೆಯಲ್ಲಿ ಏರಿಸಬಹುದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಬದಲಿಸಿದ್ದನ್ನು ಕಾಗದದ ಮೇಲೆ ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿ ಯಂತ್ರ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದೇ ಇಲ್ಲ. ಪ್ರೊಕ್‌ಒಡಿಟಿ ಮುಂತಾದ ಪ್ರತಿರೋಧದ ಅಂಕಿಗಳನ್ನು ಬೋರ್ಡಿಗೇ ಬಿಟ್ಟುಬಿಡುವುದು ಮೇಲು.

ಒಂದು ಮೆಟ್ಟಿಲು ಇಳಿಯುವುದು

ವೋಲ್ಟೇಜಿನಲ್ಲಿ ಎರಡು ಮೂರು ಪ್ರಯತ್ನದ ಬಳಿಕವೂ ತಪ್ಪು ನಿಲ್ಲದಿದ್ದರೆ ವೇಗ ಇಳಿಸಿ. ಇದನ್ನು ಸೋಲೆಂದು ಎಣಿಸುವ ಮನೋಭಾವ ನನಗೆ ಒಪ್ಪಿತವಲ್ಲ. ಇದೇ ಹೆಚ್ಚು ಬಾಳಿಕೆಯ ದುರಸ್ತಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಲೆಕ್ಕವನ್ನೇ ನೋಡಿ. ಕೇಳಿದ ದತ್ತಾಂಶ ಬರಲು ಹಿಡಿಯುವ ಆವರ್ತಗಳನ್ನು ಹೇಳುವ ಸಿಎಎಸ್ ಲೇಟೆನ್ಸಿಯ (ಸಿಎಲ್) ಅಂಕಿಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡಿನಲ್ಲಿ ವಿಳಂಬ ಸಿಗುತ್ತದೆ. 6000 ಮತ್ತು ಸಿಎಲ್30ಕ್ಕೆ ಅದು 10 ನ್ಯಾನೊಸೆಕೆಂಡ್. 5600 ಮತ್ತು ಸಿಎಲ್28ಕ್ಕೂ 10. ಟೈಮಿಂಗ್ ಮುಟ್ಟದೆ 5600ರಲ್ಲಿ ಸಿಎಲ್30 ಇಟ್ಟರೂ 10.7 ಮಾತ್ರ. ಬ್ಯಾಂಡ್‌ವಿಡ್ತ್‌ನಲ್ಲಿ ಕಳೆದುಕೊಳ್ಳುವುದು ನೂರಕ್ಕೆ ಏಳರಷ್ಟು. ದಿನದ ಕೆಲಸದಲ್ಲಿ ಇದು ಅನುಭವಕ್ಕೆ ಬರುವುದು ಅಪರೂಪ. ಪ್ರೊಫೈಲ್ ಆನ್ ಇಟ್ಟುಕೊಂಡೇ, ಟೈಮಿಂಗ್ ಮತ್ತು ವೋಲ್ಟೇಜ್ ಹಾಗೆಯೇ ಇರಿಸಿ, ಮೆಮೊರಿ ಫ್ರೀಕ್ವೆನ್ಸಿಯನ್ನು ಮಾತ್ರ 5800 ಅಥವಾ 5600ಕ್ಕೆ ಇಳಿಸಿದರೆ ಸಾಕು.

ನಾಲ್ಕು ಸ್ಟಿಕ್ ಇದ್ದವರಿಗೆ ನಿರೀಕ್ಷೆಯನ್ನೇ ಬದಲಿಸಿಕೊಳ್ಳಬೇಕೆಂದು ನೇರವಾಗಿ ಹೇಳಬೇಕಾಗುತ್ತದೆ. ರೈಜ಼ನ್ 7000 ಮತ್ತು 9000 ಎರಡರಲ್ಲೂ ನಾಲ್ಕು ಸ್ಟಿಕ್‌ಗೆ ಅಧಿಕೃತ ವೇಗ 3600 ಮಾತ್ರ. ಅದೃಷ್ಟವಿದ್ದರೆ ಹೆಚ್ಚು ಸಿಗಬಹುದು, ಆದರೆ 6000 ಬಾರದಿದ್ದರೆ ಯಾರನ್ನೂ ದೂರುವಂತಿಲ್ಲ. 64 ಜಿಬಿ ಬೇಕಿದ್ದವರು 16ರ ನಾಲ್ಕರ ಬದಲು 32ರ ಎರಡನ್ನೇ ಕೊಳ್ಳುವುದು ಜಾಣತನ.

ಇಂಟೆಲ್‌ನಲ್ಲಿ ಬೇರೆಯಾಗುವುದು

ಇಂಟೆಲ್ ಯಂತ್ರಗಳಲ್ಲಿ ಎಸ್‌ಒಸಿಯ ಸ್ಥಾನದಲ್ಲಿ ಸಿಸ್ಟಮ್ ಏಜೆಂಟ್ ವೋಲ್ಟೇಜ್ ಇದೆ. ಗಡಿಯಾರದ ಅನುಪಾತಕ್ಕೆ ಗಿಯರ್ ಎನ್ನುತ್ತಾರೆ: ಗಿಯರ್ 1ರಲ್ಲಿ ಕಂಟ್ರೋಲರ್ ರ‍್ಯಾಮ್‌ನಷ್ಟೇ ವೇಗದಲ್ಲಿ, ಗಿಯರ್ 2ರಲ್ಲಿ ಅದರ ಅರ್ಧ ವೇಗದಲ್ಲಿ ಓಡುತ್ತದೆ. 12 ಮತ್ತು 13ನೇ ತಲೆಮಾರಿನಲ್ಲಿ ಡಿಡಿಆರ್4-3600 ಹಾಕಿಕೊಂಡವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ಹೆಸರಿನ ಕೊನೆಯಲ್ಲಿ ‘ಕೆ’ ಇಲ್ಲದ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ ಸಿಸ್ಟಮ್ ಏಜೆಂಟ್ ವೋಲ್ಟೇಜ್ ಬದಲಿಸಲಾಗದಂತೆ ಬೀಗ ಹಾಕಿರುತ್ತದೆ. ಹಾಗಾಗಿ ಗಿಯರ್ 1ರಲ್ಲಿ 3600 ನಿಲ್ಲದಿದ್ದರೆ ವೋಲ್ಟೇಜ್ ಏರಿಸುವ ದಾರಿಯೇ ಇಲ್ಲ. ಅಂಥವರು 3600ಕ್ಕಾಗಿ ಗಿಯರ್ 2ಕ್ಕೆ ಹೋಗುವ ಬದಲು ಗಿಯರ್ 1ರಲ್ಲಿಯೇ 3400 ಅಥವಾ 3200ಕ್ಕೆ ಇಳಿಯುವುದು ಉತ್ತಮ. ಅದರ ಜೊತೆಗೆ ಕಮಾಂಡ್ ರೇಟನ್ನು (ಆದೇಶ ಕೊಡುವ ಮುನ್ನ ಕಾಯುವ ಆವರ್ತಗಳು) 1ಟಿಯಿಂದ 2ಟಿಗೆ ಬದಲಿಸಿ ನೋಡುವುದೂ ಉಪಯುಕ್ತ.

ಬೇಸಿಗೆಯ ಲೆಕ್ಕ

ಡಿಸೆಂಬರಿನಲ್ಲಿ ಎಲ್ಲ ಪರೀಕ್ಷೆ ಗೆದ್ದ ಯಂತ್ರ ಏಪ್ರಿಲ್‌ನಲ್ಲಿ ತಪ್ಪು ಮಾಡತೊಡಗಿದರೆ ಆಶ್ಚರ್ಯಪಡಬೇಕಾದ್ದಿಲ್ಲ. ರ‍್ಯಾಮ್ ಕೋಶದಲ್ಲಿನ ವಿದ್ಯುದಾವೇಶ ಸೋರಿಹೋಗುವುದು ಬಿಸಿ ಹೆಚ್ಚಿದಷ್ಟೂ ಬೇಗ, ಅದಕ್ಕಾಗಿಯೇ ಅದನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡಬೇಕಾಗುತ್ತದೆ. ಹೆಚ್ಚಿನ ವೋಲ್ಟೇಜಿನಲ್ಲಿ, ಬಿಗಿ ಟೈಮಿಂಗ್‌ನಲ್ಲಿ ಓಡುವ ಸ್ಟಿಕ್‌ಗಳು 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಚೀಚೆಯಲ್ಲಿಯೇ ತಪ್ಪಲು ಶುರುಮಾಡಬಹುದು. ವೇಗಕ್ಕಾಗಿ ಟಿರೆಫಿ ಎಂಬ ರಿಫ್ರೆಶ್ ಅಂತರವನ್ನು ಹಿಗ್ಗಿಸಿದ್ದರೆ ಇನ್ನೂ ಬೇಗ. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುತ್ತದೆ, ಎಸಿ ಇಲ್ಲದ ಕೋಣೆಯಲ್ಲಿ ಕ್ಯಾಬಿನೆಟ್ಟಿನೊಳಗಿನ ಗಾಳಿ ಅದಕ್ಕಿಂತ ಬಿಸಿ. ಡಿಡಿಆರ್5 ಸ್ಟಿಕ್‌ಗಳಲ್ಲಿ ಉಷ್ಣಾಂಶದ ಸೆನ್ಸರ್ ಇರುವುದರಿಂದ ಎಚ್‌ಡಬ್ಲ್ಯುಇನ್ಫೊದಲ್ಲಿ ಅದನ್ನು ನೋಡಬಹುದು. ಗ್ರಾಫಿಕ್ಸ್ ಕಾರ್ಡ್ ತನ್ನ ಬಿಸಿ ಗಾಳಿಯನ್ನು ಸ್ಟಿಕ್‌ಗಳ ಕಡೆಗೆ ಊದಬಹುದಾದ್ದರಿಂದ, ರಾತ್ರಿಯ ಮೆಮ್‌ಟೆಸ್ಟ್ ಗೆದ್ದ ಯಂತ್ರ ಮಧ್ಯಾಹ್ನ ಆಟದಲ್ಲಿ ಬೀಳುವುದಕ್ಕೂ ಇದೇ ವಿವರಣೆ. ಸ್ಟಿಕ್‌ಗಳ ಕಡೆ ಒಂದು ಸಣ್ಣ ಫ್ಯಾನ್ ತಿರುಗಿಸಿಟ್ಟು ತಪ್ಪು ನಿಂತರೆ, ಕಾರಣ ಬಿಸಿಯೇ ಎಂದು ಖಚಿತವಾಗುತ್ತದೆ.

ಕೊನೆಯ ಪರೀಕ್ಷೆ ಮತ್ತು ಆನಂತರ

ಯಂತ್ರ ಬೂಟ್ ಆಯಿತು, ಒಂದು ಗಂಟೆ ಆಟ ಆಡಿದೆ, ಹಾಗಾಗಿ ಸರಿಹೋಯಿತು ಎಂಬ ತೀರ್ಮಾನ ಸಾಲದು. ಹೊಸ ಹೊಂದಿಕೆಯಲ್ಲಿ ಮೊದಲು ಮೆಮ್‌ಟೆಸ್ಟ್86+ ಒಂದು ರಾತ್ರಿ ಓಡಲಿ. ಅದು ಗೆದ್ದರೆ ವಿಂಡೋಸ್ ಒಳಗೆ ಟೆಸ್ಟ್‌ಮೆಮ್5, ಅನಂತರ ವೈ-ಕ್ರಂಚರ್‌ನ ವಿಟಿ3 ಪರೀಕ್ಷೆ ಅಥವಾ ಪ್ರೈಮ್95ರ ಲಾರ್ಜ್ ಎಫ್‌ಎಫ್‌ಟಿ. ಇವು ಬೇರೆ ಬೇರೆ ಭಾಗಗಳನ್ನು ದಣಿಸುತ್ತವೆ: ಟೆಸ್ಟ್‌ಮೆಮ್5ರಲ್ಲಿ ತಪ್ಪು ಬಂದರೆ ರ‍್ಯಾಮ್‌ನ ಟೈಮಿಂಗ್, ವೋಲ್ಟೇಜ್ ಮತ್ತು ಬಿಸಿಯ ಕಡೆ, ಅದು ಗೆದ್ದು ವೈ-ಕ್ರಂಚರ್‌ನಲ್ಲಿ ಸೋತರೆ ಕಂಟ್ರೋಲರ್, ಎಫ್‌ಸಿಎಲ್‌ಕೆ ಮತ್ತು ಎಸ್‌ಒಸಿ ವೋಲ್ಟೇಜಿನ ಕಡೆ ಮೊದಲು ನೋಡಿ. ಪ್ಲಗ್ ಕಿತ್ತು ಕೆಲಹೊತ್ತು ಬಿಟ್ಟು, ತಣ್ಣಗಿನ ಯಂತ್ರ ಮತ್ತೆ ಟ್ರೇನಿಂಗ್ ಮುಗಿಸಿ ಏಳುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. ರೀಸ್ಟಾರ್ಟ್‌ನಲ್ಲಿ ಸರಿಯಿದ್ದು ಬೆಳಗಿನ ಮೊದಲ ಬೂಟ್‌ನಲ್ಲಿ ಮಾತ್ರ ಬೀಳುವ ಯಂತ್ರಗಳಿವೆ.

ಎಲ್ಲ ಗೆದ್ದ ಮೇಲೆ, ಅಸ್ಥಿರವಾಗಿದ್ದ ದಿನಗಳಲ್ಲಿ ಆಗಿರಬಹುದಾದ ಹಾನಿಯನ್ನು ಸರಿಪಡಿಸಬೇಕು. ವಿಂಡೋಸ್‌ನ ಸ್ವಂತ ಕಡತಗಳನ್ನು ಪರೀಕ್ಷಿಸಿ ಸರಿಪಡಿಸುವ ಡಿಐಎಸ್‌ಎಂ ಮತ್ತು ಎಸ್‌ಎಫ್‌ಸಿ ಆದೇಶಗಳನ್ನು ಓಡಿಸಿ, ಡಿಸ್ಕಿನ ಫೈಲ್ ಸಿಸ್ಟಮನ್ನು ಪರಿಶೀಲಿಸಿ. ಆ ಅವಧಿಯಲ್ಲಿ ಇನ್‌ಸ್ಟಾಲ್ ಮಾಡಿದ ದೊಡ್ಡ ಆಟಗಳನ್ನು ಅವುಗಳದೇ ಪರಿಶೀಲನೆಯ ಆಯ್ಕೆಯಿಂದ ನೋಡಿ, ನಕಲು ಮಾಡಿದ ಚಿತ್ರ ಮತ್ತು ವಿಡಿಯೊಗಳನ್ನು ತೆರೆದು ಮೂಲದೊಂದಿಗೆ ಹೋಲಿಸಿ. ವಿಂಡೋಸನ್ನೇ ಆ ದಿನಗಳಲ್ಲಿ ಇನ್‌ಸ್ಟಾಲ್ ಮಾಡಿದ್ದರೆ ಹೊಸದಾಗಿ ಮತ್ತೊಮ್ಮೆ ಮಾಡುವುದು ಕಡಿಮೆ ಶ್ರಮದ ದಾರಿ. ಬಯಾಸ್‌ನ ಹೊಂದಿಕೆಯನ್ನು ಅಲ್ಲಿಯೇ ಪ್ರೊಫೈಲ್ ಆಗಿ ಉಳಿಸಿಕೊಳ್ಳಿ, ಜೊತೆಗೆ ಪ್ರತಿ ಪುಟದ ಫೋಟೊವನ್ನೂ ಮೊಬೈಲಿನಲ್ಲಿ ತೆಗೆದಿಡಿ. ಮುಂದಿನ ಬಯಾಸ್ ಅಪ್‌ಡೇಟಿನಲ್ಲಿ ಉಳಿಸಿದ ಪ್ರೊಫೈಲ್ ಅಳಿಸಿಹೋಗಬಹುದು, ಮತ್ತು ಹೊಸ ಬಯಾಸ್‌ನಲ್ಲಿ ಹಳೆಯ ಅಂಕಿಗಳು ನಿಲ್ಲುತ್ತವೆಯೇ ಎಂದು ಮೆಮ್‌ಟೆಸ್ಟನ್ನು ಮತ್ತೊಂದು ರಾತ್ರಿ ಓಡಿಸಿ ನೋಡಬೇಕಾಗುತ್ತದೆ.